ಉಮಾಬಾಯಿಯವರ ಮನೆಯ ಸಪ್ಪಳ

ನಳವನ್ನು ಬಿಗಿಯಾಗಿ ತಿರುಗಿಸಿದವರನ್ನು ಉಮಾಬಾಯಿ ಸುಮ್ಮನೆ ಬಿಡುತ್ತಿರಲಿಲ್ಲ. ಹಿಮಾಯತ್‌ನಗರದ ಅವರ ಹಳೇ ಮನೆಯ ಕೆಳಭಾಗಕ್ಕೆ ನಾವು ಬಾಡಿಗೆಗೆ ಬಂದ ದಿನ, ಇನ್ನೂ ಹಾಲು ಉಕ್ಕಿಸಿರಲಿಲ್ಲ, ಆಗಲೇ ನನ್ನನ್ನು ಬಚ್ಚಲಿಗೆ ಕರೆದೊಯ್ದು ಪಾಠ ಮಾಡಿದರು. "ಪ್ರೇಮಾ, ಇದು ನಳ ಅದ. ವೈರಿ ಕುತ್ತಿಗಿ ಅಲ್ಲ. ಹಿಂಡಬ್ಯಾಡ. ನೀರು ನಿಂತ್ವಂದ್ರ ಕೈ ಬಿಡು." ಎಂಥ ಮನೆಯೊಡತಿ ಗಂಟು ಬಿದ್ದಳಪ್ಪಾ ಎಂದು ನಾನು ಅವತ್ತು ಹಣೆ ಹಣೆ ಬಡಿದುಕೊಂಡಿದ್ದೆ.

ಕಲಬುರಗಿಯ ಕಡೆಯಿಂದ ಎಳೇ ವಯಸ್ಸಿನಲ್ಲಿ ಸೊಸೆಯಾಗಿ ಈ ಮನೆಗೆ ಬಂದವರು ಅವರು. ಗಂಡ ರೈಲ್ವೆ ಗಾರ್ಡ್. ಮನೆಯಲ್ಲಿದ್ದುದಕ್ಕಿಂತ ರೈಲಿನಲ್ಲಿದ್ದುದೇ ಹೆಚ್ಚು. ನಳ ಸೋರಿದಾಗ ಅವರ ದಾರಿ ಕಾಯುತ್ತ ಕೂತರೆ ಮನೆಯೆಲ್ಲ ಕೆರೆಯಾದೀತು ಎಂದು, ಗಂಡನ ಪಾನಾ, ಅಂದರೆ ಸ್ಪ್ಯಾನರು, ಹಿಡಿದು ರಿಪೇರಿಯನ್ನು ತಾವೇ ಕಲಿತರು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಮಹಡಿಯಲ್ಲಿ ಒಬ್ಬರೇ. ಬಿಸ್ಕತ್ತಿನ ಒಂದು ತಗಡಿನ ಡಬ್ಬಿಯಲ್ಲಿ ವಾಷರು, ನೂಲು, ಮೊಳೆ, ಸೈಕಲ್ ಟ್ಯೂಬಿನ ತುಂಡು, ಎಲ್ಲ ಇಟ್ಟುಕೊಂಡಿದ್ದರು. ಆ ಕಾಲಕ್ಕೆ ಅದು ಬಂಗಾರದ ಡಬ್ಬಿಯೇ ಸರಿ. ಊರಿನ ಪ್ಲಂಬರರೆಲ್ಲ ಹೊರವಲಯದ ಕೊಂಡಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಪಾಲಾಗಿದ್ದರು. ಒಂದು ವಾಷರ್ ಹಾಕಲು ನಮ್ಮ ಓಣಿಗೆ ಯಾರು ಬರುತ್ತಾರೆ?

ಅಂಥ ಹೊತ್ತಿನಲ್ಲಿ ನನ್ನ ಮಗಳು ಲಹರಿ ಚೊಚ್ಚಲ ಬಾಣಂತನಕ್ಕೆ ಬಂದಳು. ಅಳಿಯ ನಿತಿನ ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅಲ್ಲೇ ಹೊಸ ಫ್ಲ್ಯಾಟೂ ಇತ್ತು. ಆದರೆ ತವರಿನ ಬಾಣಂತನ ಅಂದರೆ ತವರಿನದೇ. ಅಳವಿ ಪಾಯಸ, ಎಣ್ಣೆನೀರು, ಕೂಸಿಗೆ ಧೂಪ, ಎಲ್ಲವನ್ನೂ ನನ್ನ ಕೈಯಾರೆ ಮಾಡಬೇಕೆಂದು ನಾನು ಎಷ್ಟು ವರ್ಷದಿಂದ ಕನಸು ಕಂಡಿದ್ದೆ!

ಕನಸಿಗೆ ಕಲ್ಲು ಹಾಕಿದ್ದು ಪೈಪಿನ ಹೊಸ ಸಪ್ಪಳ. ದಿನ ಬಿಟ್ಟು ದಿನ ಬೆಳಿಗ್ಗೆ ನೀರು ಬರುತ್ತಿತ್ತು. ಬಂದಾಗ ಮೊದಲು ಗರಗರ, ಆಮೇಲೆ ನಳ ನಿಲ್ಲಿಸಿದಾಗೆಲ್ಲ ಗೋಡೆಯೊಳಗಿನಿಂದ ಯಾರೋ ಒದ್ದ ಹಾಗೆ ಧಡ್, ಧಡ್, ಧಡ್! ಕೂಸು ಬೆಚ್ಚಿಬಿದ್ದು ಕೈಕಾಲು ಅದುರಿಸಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು.

"ಅವ್ವಾ, ಕೂಸು ಹೆದರಾಕತ್ತೈತಿ. ನಾ ಕೊಂಡಾಪುರಕ್ಕ ಹೋಗ್ತೀನಿ. ಅತ್ತಿಯವರು ಬಂದಿರ್ತೀನಂದಾರ," ಎಂದಳು ಲಹರಿ. ಹೋಗಬೇಡ ಎಂದು ಯಾವ ಬಾಯಿಂದ ಅನ್ನಲಿ? ಹೆದರುತ್ತಿದ್ದುದು ಅವಳ ಕೂಸು.

ಉಮಾಬಾಯಿಗೆ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಅವರ ಪೈಪು ಕೆಡಿಸಿದೆವೆಂದು ಮನೆ ಬಿಡಿಸಿದರೆ? ಅವರು ಆಗಾಗ ಇಳಿದು ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಕೂಸು ಮಲಗ್ಯಾದೇನು?" ಅನ್ನುತ್ತಿದ್ದರು. ಸಪ್ಪಳದ ತನಿಖೆಗೆ ಬಂದಿದ್ದಾರೆಂದು ನಾನು "ಹೂಂನ್ರಿ" ಎಂದು ಹೇಳಿ ಬಾಗಿಲು ಮುಂದೆ ಮಾಡುತ್ತಿದ್ದೆ.

ಭಾನುವಾರ ನೀರಿನ ದಿನ, ಬೆಳಿಗ್ಗೆಯೇ ನಿತಿನ ಕಾರು ತಂದ. ಲಹರಿಯ ಬ್ಯಾಗು ತುಂಬಿ ಬಾಗಿಲ ಬಳಿ ಕೂತಿತ್ತು. ಒಳ್ಳೆಯ ಹುಡುಗ, ನನ್ನ ಮುಖ ನೋಡಲಾರದೆ ಒಂದು ಹೊಸ ನಳವನ್ನೂ ತಂದಿದ್ದ. ಫಳಫಳ ಹೊಳೆಯುವಂಥದ್ದು, ಬೆರಳಿನಿಂದ ಅರ್ಧ ಸುತ್ತೂ ತಿರುಗಿಸಬೇಕಿಲ್ಲ, ನೀರು ಪಟ್ಟನೆ ನಿಲ್ಲುತ್ತದೆ. "ಕೊನೀದ್ದು ಇದೊಂದು ನೋಡೋಣ್ರಿ ಅತ್ತಿ," ಎಂದ. ಅವನೂ ನಮ್ಮ ಮನೆಯವರೂ ಸೇರಿ ಕೂಡಿಸಿದರು. ನೀರು ಬಿಟ್ಟು ನಿಲ್ಲಿಸಿದರು ನೋಡಿ, ಧಡಾರ್! ಮೊದಲಿಗಿಂತ ಎರಡು ಪಟ್ಟು. ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ತಂಬಿಗೆ ಕೆಳಗುರುಳಿತು. ಕೂಸು ಚಿಟಾರನೆ ಚೀರಿತು. ಮೇಲಿನಿಂದ ಉಮಾಬಾಯಿ ಡಬ್ಬಿ ಹಿಡಿದು ದಡದಡ ಇಳಿದು ಬಂದರು.

ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಅವರು ನನ್ನ ಕಡೆ ನೋಡಲೂ ಇಲ್ಲ. ಬ್ಯಾಗಿನ ಕಡೆ ನೋಡಿದರು.

"ನಿತಿನ, ನೀ ನಳ ತೆರಿ. ಬಂದ್ ಮಾಡು. ನಾ ಸಾಕಂದ್ರಷ್ಟs ಬಿಡು."

ಅಂಗೈಯನ್ನು ಪೈಪಿನ ಮೇಲಿಟ್ಟುಕೊಂಡು ಬಚ್ಚಲಿನಿಂದ ಹಿತ್ತಿಲ ಪಡಸಾಲೆಯವರೆಗೂ ನಿಧಾನ ನಡೆದರು. ಕಿಟಕಿಯ ಬಳಿ ಪೈಪು ಅವರ ಕೈಯಲ್ಲೇ ಜಿಗಿಯಿತು. ಅಲ್ಲಿ ಪೈಪಿನಿಂದ ಕಿಟಕಿಯ ಸರಳಿಗೆ ಒಂದು ಹಗ್ಗ. ಹಗ್ಗದ ತುಂಬ ಕೂಸಿನ ದುಪ್ಪಟಿ, ಲಂಗೋಟಿ, ನಡುವೆ ನೀರು ಕುಡಿದು ಜೋತ ದಪ್ಪನೆಯ ಕೌದಿ. ಆ ಭಾರಕ್ಕೆ ಪೈಪನ್ನು ಗೋಡೆಗೆ ಹಿಡಿದಿದ್ದ ಪಟ್ಟಿ, ಕಟ್ಟಿಗೆಯ ಗೂಟದ ಸಮೇತ ಕಿತ್ತು ಬಂದಿತ್ತು. ಪೈಪು ಗಾಳಿಯಲ್ಲಿ ತೂಗಾಡುತ್ತ, ನಳ ನಿಲ್ಲಿಸಿದಾಗೆಲ್ಲ ಗೋಡೆಗೆ ಬಡಿಯುತ್ತಿತ್ತು.

"ಚನ್ನಬಸಪ್ಪನವರ, ಈ ಹಗ್ಗ ಕಟ್ಟಿದವ್ರು ಯಾರ್ರೀ?"

"ನಾನs ರೀ," ಎಂದರು ನಮ್ಮ ಮನೆಯವರು ತಲೆ ಕೆರೆದುಕೊಳ್ಳುತ್ತ. "ಬಾಣಂತಿ ಅರಿವಿ ಒಣಗ್ಸಾಕ ಜಾಗ ಸಾಲಲಿಲ್ಲ. ಪೈಪ್ ಭಾಳ ಗಟ್ಟಿ ಐತಿ ಅನ್ಕೊಂಡಿದ್ನಿ."

"ಪೈಪ್ ಗಟ್ಟೀನs ಅದ. ಗ್ವಾಡಿ ಮುದುಕಿ ಅದ, ನನ್ನಂಗ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ, ನೀವು ನಳ ಬದಲಿ ಮಾಡ್ಲಿಕತ್ತೀರಿ!"

ಕೂಸಿನ ಕೌದಿಯೇ ಕೂಸನ್ನು ಹೆದರಿಸುತ್ತಿತ್ತಲ್ಲ ಎಂದು ಲಹರಿ ನಕ್ಕೇಬಿಟ್ಟಳು. ಆಮೇಲೆ ಎಲ್ಲರೂ ಕೆಲಸಕ್ಕಿಳಿದರು. ಹಗ್ಗ ಬಿಚ್ಚಿದ್ದು ನಾನು. ನಮ್ಮ ಮನೆಯವರು ಹೊಸ ಗೂಟ ಕೆತ್ತಿದರು, ನಿತಿನ ಸ್ಟೂಲು ಹತ್ತಿ ಬಡಿದ. ಟ್ಯೂಬಿನ ತುಂಡನ್ನು ಪೈಪಿಗೆ ಸುತ್ತಿ, ಮೇಲೆ ಪಟ್ಟಿ ಕೂಡಿಸಿದರು ಉಮಾಬಾಯಿ. ಪಟ್ಟನೆ ನಿಲ್ಲುವ ನಳದಿಂದ ಓಡುವ ನೀರು ತಡೆದು ಪೈಪಿಗೆ ಪೆಟ್ಟು ಬೀಳುತ್ತದೆಂದು ಅದನ್ನೂ ಬಿಚ್ಚಿಸಿ, ಹಳೇ ನಳಕ್ಕೆ ಹೊಸ ವಾಷರ್ ಹಾಕಿ ಮರಳಿ ಕೂಡಿಸಿದರು. ನಿತಿನ ನೀರು ಬಿಟ್ಟ, ನಿಲ್ಲಿಸಿದ. ಏನೂ ಸಪ್ಪಳವಿಲ್ಲ. ಇನ್ನೊಮ್ಮೆ. ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಹಸಿವೋ, ಒದ್ದೆಯೋ, ಅದರ ಪಾಡಿಗೆ ಅದು. ಉಮಾಬಾಯಿಗೆ ಕಿರಿಕಿರಿಯಾದೀತೆಂದು ನಾನು ಸುಮ್ಮನಾಗಿಸಲು ಓಡಿದೆ.

"ಏ ಪ್ರೇಮಾ, ಅಳಲಿ ಬಿಡು," ಎಂದರು ಅವರು. ಸೆರಗಿಗೆ ಕೈ ಒರೆಸಿಕೊಂಡು, ಪಡಸಾಲೆಯ ನೆಲದ ಮೇಲೆಯೇ ಕಾಲು ಚಾಚಿ ಕೂತರು. ದನಿ ಸಣ್ಣದಾಗಿತ್ತು. "ಒಂದೀಟು ನನ್ನ ಕಾಲ ಮ್ಯಾಲ ಹಾಕ್ತೀಯೇನು? ಎಷ್ಟು ಸಲ ಕೇಳಬೇಕಂತ ಬಾಗಲಿಗೆ ಬಂದೆ. ನೀ ಬಾಗಲಾ ಹಾಕ್ತಿದ್ದಿ."

ದೇವರೇ! ಆ ತಾಯಿ ಸಪ್ಪಳ ಹುಡುಕಿಕೊಂಡು ಬರುತ್ತಿರಲಿಲ್ಲ. ಲಹರಿಯೇ ಕೂಸನ್ನು ತಂದು ಅವರ ಕಾಲ ಮೇಲೆ ಮಲಗಿಸಿದಳು. ಆಮೇಲೆ ಹೋಗಿ ಬ್ಯಾಗಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು.

ಬಾಣಂತನ ಪೂರ್ತಿ ನನ್ನ ಮನೆಯಲ್ಲೇ ಆಯಿತು. ನನ್ನ ಮನೆ ಎಂದೆನಲ್ಲ, ಉಮಾಬಾಯಿಯವರದು. ಅವರ ಉಪಕಾರ ನಾನು ಸಾಯುವವರೆಗೂ ಮರೆಯುವುದಿಲ್ಲ. ಅವತ್ತು ಕೂಸು ಅವರ ಕಾಲ ಮೇಲೆ ಗಂಟಲು ಹರಿಯುವ ಹಾಗೆ ಅಳುತ್ತಲೇ ಇತ್ತು. ಅವರು ಅದರ ಅಂಗಾಲು ಸವರುತ್ತ ಹೇಳಿದರು:

"ಅಳು ನಮ್ಮವ್ವ, ಜೋರಾಗಿ ಅಳು. ಈ ಮನಿ ಸೊಸಿಯಾಗಿ ಬಂದಾಗಿಂದ ಈ ಸಪ್ಪಳಕ್ಕs ಕಾಯ್ಲಿಕತ್ತೀನಿ."