ಮೂಕ ಪೇಟಿಗಳ ನಡುವೆ ಶಿವಗಂಗಾ

ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ತೆರೆದಿರುವುದು ಎರಡೇ ಬಾಗಿಲು. ಒಂದು ಚಹಾದಂಗಡಿಯದು, ಇನ್ನೊಂದು ಮೆಟ್ಟಿಲ ಕೆಳಗಿನ ಗೂಡಿನದು. ಗೂಡಿನಲ್ಲಿ ಶಿವಗಂಗಾ ಹಳೇ ಪಂಚೆ ಹಾಸಿಕೊಂಡು ಕೂತಿದ್ದಾರೆ. ಮುಂದೆ ಹೊಟ್ಟೆ ಬಿಚ್ಚಿದ ಒಂದು ಮಿಡಿ ಕೀಬೋರ್ಡು. ಅದರ ಬಿಳಿ ಮನೆ, ಕರಿ ಮನೆಗಳನ್ನು ಒಂದೊಂದಾಗಿ ಕಿತ್ತು ಪಂಚೆಯ ಮೇಲೆ ಸಾಲು ತಪ್ಪದಂತೆ ಜೋಡಿಸುತ್ತಿದ್ದಾರೆ. ಹಾರ್ಮೋನಿಯಂ ನುಡಿಸುವವರು ಬೆರಳೊತ್ತುವ ಪಟ್ಟಿಗೆ ‘ಮನೆ’ ಎನ್ನುತ್ತಾರಲ್ಲ, ಶಿವಗಂಗಾ ಬಾಯಲ್ಲಿ ಎಂಥ ವಿಲಾಯತಿ ಯಂತ್ರದ್ದೂ ಮನೆಯೇ. ಯಂತ್ರಕ್ಕೂ ಅಷ್ಟೇ, ಒಂದೇ ಹೆಸರು: ಪೇಟಿ.

ಒಳಗೆ ಇರುವೆಗಳ ಸಂಸಾರ. ಶಿವಗಂಗಾ ಬ್ರಷ್ಷಿನಿಂದ ಅವನ್ನು ಮೆಲ್ಲಗೆ ಹೊರಗೆ ಸಾಗಹಾಕುತ್ತಾರೆ, ಕೊಲ್ಲುವುದಿಲ್ಲ. “ಸಾಫ್ಟ್‌ವೇರ್ ಮಂದಿ ಚಾ ಕುಡಕೋತ ಬಾರಿಸ್ತಾರ್ರಿ. ಸಕ್ರಿ ಬಿತ್ತಂದ್ರ ಇರವಿ ಬರ್ತಾವ. ಅವಕ್ಕೇನ್ ಗೊತ್ತು, ಇದು ಪೇಟಿ ಅಂತ?” ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮನೆಗಳ ಅಡಿಯ ರಬ್ಬರ್ ಗುಂಡಿಗಳನ್ನು ಒರೆಸುತ್ತಾರೆ. ಕೂಸಿನ ಕಿವಿ ಒರೆಸುವಷ್ಟು ನಯ ಆ ಕೈಗೆ.

ಯಂತ್ರದ ಒಡೆಯ ಮೋಹನ ಆಫೀಸಿನ ಕ್ಯಾಬಿಗೆ ಮುಂಚೆ ಬರುತ್ತಾನೆ. ಮೈಸೂರಿನ ಹುಡುಗ, ಮಾದಾಪುರದಲ್ಲಿ ನೌಕರಿ. ಗಚ್ಚಿಬೌಲಿಯ ಫ್ಲ್ಯಾಟಿನ ಮಲಗುವ ಕೋಣೆಯೇ ಅವನ ಸ್ಟುಡಿಯೋ. ಗೋಡೆಗೆ ರಜಾಯಿ ಹೊಡೆದು ಮಾರ್ದನಿ ಕೊಂದಿದ್ದಾನೆ. ಐಟಿ ಸಂಬಳ ಬಂದ ಮೇಲೆ ಈ ಊರಿನಲ್ಲಿ ಇಂಥ ಕೋಣೆಗಳು ಮಳೆಗಾಲದ ಅಣಬೆಯಂತೆ ಎದ್ದಿವೆ. ಅವುಗಳಿಂದಲೇ ಈ ಗೂಡಿಗೆ ದಿನಕ್ಕೆ ಮೂರೋ ನಾಲ್ಕೋ ಪೇಟಿ ಬರುತ್ತವೆ.

“ಹಾಡು ಎಲ್ಲಿಗೆ ಬಂತ್ರಿ?” ಶಿವಗಂಗಾ ಕೇಳುತ್ತಾರೆ.

“ಇನ್ನೂ ಮಿಕ್ಸಿಂಗ್ ಆಗ್ಬೇಕು ಅಕ್ಕ. ಆದ ತಕ್ಷಣ ಸೀಡಿ ತಂದ್ಕೊಡ್ತೀನಿ.”

“ಹ್ವಾದ ದೀಪಾವಳಿಗೂ ಇದನ್ನ ಹೇಳೀರಿ. ನಿಮ್ಮ ಲಗ್ನ ಆದ್ರೂ ಮಿಕ್ಸಿಂಗ್ ಆಗಂಗಿಲ್ಲ ಬಿಡ್ರಿ.”

ಮೋಹನ ನಗುತ್ತಾ ಪೇಟಿ ಹೆಗಲಿಗೇರಿಸಿ ಹೊರಡುತ್ತಾನೆ. ಶಿವಗಂಗಾ ನಗುವುದಿಲ್ಲ. ಇಷ್ಟು ವರ್ಷ ಇಷ್ಟೊಂದು ವಾದ್ಯ ರಿಪೇರಿ ಮಾಡಿದ ಈ ಹೆಂಗಸು ಅವುಗಳಿಂದ ಹುಟ್ಟಿದ ಒಂದು ಹಾಡನ್ನೂ ಕಳೆದ ತಿಂಗಳವರೆಗೆ ಕೇಳಿರಲಿಲ್ಲ. ಕಾರಣ ಸರಳ. ಮಿಡಿ ಕೀಬೋರ್ಡಿಗೆ ಸ್ವಂತ ದನಿಯಿಲ್ಲ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ ಎಂಬ ಸುದ್ದಿಯನ್ನಷ್ಟೇ ಅದು ತಂತಿಯಲ್ಲಿ ಕಳಿಸುತ್ತದೆ. ಸ್ವರ ಹುಟ್ಟುವುದು ತಂತಿಯ ಆ ತುದಿಯಲ್ಲಿ, ಕಂಪ್ಯೂಟರಿನಲ್ಲಿ. ಗೂಡಿನಲ್ಲಿ ಶಿವಗಂಗಾ ಮನೆ ಒತ್ತಿದರೆ ತಗಡಿನ ಡಬ್ಬಿಯೊಂದರ ಮೇಲೆ ಕೆಂಪು ದೀಪ ಮಿಣುಕುತ್ತದೆ. ದೀಪ ಹತ್ತಿತೆಂದರೆ ಪೇಟಿ ಸರಿಯಾಯಿತು ಎಂದರ್ಥ.

ಆ ಡಬ್ಬಿ ಕಟ್ಟಿದವರು ಖಾದರ್ ಸಾಹೇಬರು, ಈ ಗೂಡಿನ ಮೂಲ ಮಾಲೀಕರು. ಶಿವಗಂಗಾ ಸೇಡಂ ಕಡೆಯಿಂದ ಗಂಡ ಸಂಗಣ್ಣನ ಹಿಂದೆ ಬಂದವರು. ಸಂಗಣ್ಣ ಗಚ್ಚಿಬೌಲಿಯ ಫ್ಲ್ಯಾಟುಗಳಿಗೆ ಸೆಂಟ್ರಿಂಗ್ ಹೊಡೆಯುತ್ತಿದ್ದರೆ, ಇವರು ಸಾಹೇಬರ ಅಂಗಡಿಯ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಸಾಹೇಬರ ಕಣ್ಣು ಮಂಜಾಗುತ್ತಿತ್ತು. ಬಿದ್ದ ಸ್ಕ್ರೂ ಹೆಕ್ಕಿ ಕೊಡುತ್ತಾ ಹೆಕ್ಕಿ ಕೊಡುತ್ತಾ ಬೆಸುಗೆ ಹಾಕುವುದೂ ಕೈಗೆ ಬಂತು. ಸಾಹೇಬರು ತೀರಿಕೊಂಡ ಮೇಲೆ ಅವರ ಮಗ, “ನೀವೇ ನಡೆಸಿ ಆಪಾ” ಎಂದು ಕೀಲಿಕೈ ಕೊಟ್ಟ. ಸಾಹೇಬರು ಬಿಟ್ಟುಹೋದ ಕಟ್ಟಳೆ ಒಂದೇ: ಗಿರಾಕಿಯ ವಾದ್ಯ ಅಮಾನತ್ತು, ನಂಬಿ ಒಪ್ಪಿಸಿದ ಒಡವೆ; ದೀಪ ಹಚ್ಚಿ ನೋಡಬೇಕು, ನುಡಿಸಬಾರದು. ಗೂಡಿನಲ್ಲಿ ಶಿವಗಂಗಾ ಅದನ್ನು ಇವತ್ತಿಗೂ ಮೀರಿಲ್ಲ.

ಮೀರುವ ಆಸೆ ಇಲ್ಲದೆ ಇಲ್ಲ. ಊರಿನ ಭಜನೆಯಲ್ಲಿ ಸೋದರಮಾವ ಎರಡೂ ಕೈಯಲ್ಲಿ ಪೇಟಿ ನುಡಿಸುವಾಗ ಹಿಂದೆ ಕೂತು ಅದರ ತಿದಿಯೊತ್ತಿ ಗಾಳಿ ಹಾಕುತ್ತಿದ್ದವಳು ಈಕೆ. “ಗಾಳಿ ನಂದು, ಪದ ಅವರದು. ಮನಿ ಮ್ಯಾಲ ಬೆರಳಿಟ್ರ ಕೈಮ್ಯಾಲ ಬೀಳ್ತಿತ್ತು. ಹೆಣ್ಮಕ್ಕಳು ಪೇಟಿ ಹಿಡದ್ರ ಮಂದಿ ಏನಂತಾರ ಅಂತ.”

ಹಾಗಾಗಿ ಕಪಾಟಿನ ಮೇಲೆ ಬಟ್ಟೆ ಮುಚ್ಚಿದ ಒಂದು ಪೇಟಿ ಇತ್ತು. ಅದು ಗಿರಾಕಿಯದಲ್ಲ, ಶಿವಗಂಗಾ ಅವರದೇ. ಮಳೆನೀರು ಹೊಕ್ಕು ಮನೆಗಳೆಲ್ಲ ಸೊಟ್ಟಗಾದ ಹಳೇ ಕೀಬೋರ್ಡು. ಮದುವೆ ಆರ್ಕೆಸ್ಟ್ರಾದವನೊಬ್ಬ ‘ಬಿಸಾಕಿ’ ಎಂದು ಬಿಟ್ಟುಹೋದದ್ದು. ಆದರೆ ಇದು ಸ್ವಂತ ದನಿಯ ಜಾತಿಯದು, ಸ್ವರ ಹುಟ್ಟಿಸುವ ಸರ್ಕ್ಯೂಟು, ಅಂದರೆ ದನಿಯ ಹಲಗೆ, ಕೆಡದೆ ಉಳಿದಿತ್ತು. ಒಂದು ಗುಂಡಿ ಒತ್ತಿದರೆ ಕಂಪನಿಯವರು ತುಂಬಿಟ್ಟ ಪರದೇಶಿ ಟ್ಯೂನು ತಾನೇ ನುಡಿಯುತ್ತಿತ್ತು. “ಅದರ ಹಾಡು ಅದು ಹಾಡ್ತಿತ್ರಿ. ನಂದು ಹಾಡಬೇಕಲ್ಲ?” ಅದಕ್ಕೇ ಆ ಮಾದರಿಯ ಸತ್ತ ಪೇಟಿ ಸಿಕ್ಕಾಗಲೆಲ್ಲ ಒಂದೆರಡು ಮನೆ ಬಿಚ್ಚಿ ತಂದು ಕೂಡಿಸುತ್ತಾ ಬಂದರು. ಅರ್ಧಕ್ಕಿಂತ ಹೆಚ್ಚು ಕೂಡಿದ್ದವು. ಪೂರ್ತಿಯಾದ ದಿನ ಕೂತು ಒಂದೇ ಒಂದು ತತ್ವಪದ ಕಲಿಯಬೇಕು ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಅಷ್ಟರಲ್ಲಿ, ಕಳೆದ ತಿಂಗಳು, ಮಾಣಿಕಪ್ಪ ಬಂದರು. ಗಚ್ಚಿಬೌಲಿಯ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳಲ್ಲಿರುವ ನಮ್ಮ ಕಡೆಯ ಕೂಲಿಕಾರರು ಪ್ರತಿ ಸೋಮವಾರ ಭಜನೆ ಮಾಡುತ್ತಾರೆ. ಗಾರೆ ಕೆಲಸದ ಗೌಂಡಿ ಮಾಣಿಕಪ್ಪ ಆ ಮೇಳದ ಹಿರಿಯ. ಅವರ ಹಾರ್ಮೋನಿಯಂ ಗೆದ್ದಲು ಹಿಡಿದು ಹಾಳಾದ ಮೇಲೆ ಎಲ್ಲರೂ ಪಟ್ಟಿ ಹಾಕಿ ದುಡ್ಡು ಕೂಡಿಸಿ ಒಂದು ಸೆಕೆಂಡ್‌ಹ್ಯಾಂಡ್ ಕೀಬೋರ್ಡು ಕೊಂಡಿದ್ದರು. ಅಂಗಡಿಯಲ್ಲಿ ಒತ್ತಿದಾಗ ಘಂಟೆಯಂತೆ ನುಡಿದಿತ್ತು. ಶೆಡ್ಡಿಗೆ ತಂದು, ಕುಂಕುಮ ಹಚ್ಚಿ, ಕಾಯಿ ಒಡೆದು ಒತ್ತಿದರೆ ಸೊಲ್ಲೇ ಇಲ್ಲ.

ಮಾಣಿಕಪ್ಪ ಗೂಡಿನ ಮುಂದೆ ತಲೆ ತಗ್ಗಿಸಿ ನಿಂತರು. “ಕಾಯಿ ಒಡದಾಂವ ನಾನs ತಂಗಿ. ನೀರು ಸಿಡದು ಒಳಗ ಹ್ವಾತು. ಮೇಳದವರಿಗೆ ಮಾರಿ ಹ್ಯಾಂಗ ತೋರಿಸ್ಲಿ? ನಾನs ಕೊಂದೆ ಇದನ್ನ.”

ಶಿವಗಂಗಾ ತಗಡಿನ ಡಬ್ಬಿಯ ತಂತಿ ಚುಚ್ಚಿ ಒಂದೊಂದೇ ಮನೆ ಒತ್ತಿದರು. ಕೆಂಪು ದೀಪ ಒಂದೂ ತಪ್ಪದೆ ಮಿಣುಕಿತು. “ನೀವು ಕೊಂದಿಲ್ರಿ ಅಣ್ಣಾರ. ಇದು ಹುಟ್ಟಾ ಮೂಕ. ಅಂಗಡ್ಯಾಗ ಇದರ ತಂತಿ ಕಂಪ್ಯೂಟರಿಗಿತ್ತು, ನುಡದದ್ದು ಅದು. ನೀವು ಪೇಟಿ ತಂದ್ರಿ, ಬಾಯಿ ಅಲ್ಲೇ ಬಿಟ್ಟು ಬಂದ್ರಿ.”

“ಹಂಗಾರ ಇದಕ್ಕ ಬಾಯಿ ಎಲ್ಲಿಂದ ತರೂದವ್ವಾ?”

ಶಿವಗಂಗಾ ನಾಳೆ ಬನ್ನಿ ಎಂದು ಕಳಿಸಿದರು. ಬಾಯಿ ಎಲ್ಲಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಕಪಾಟಿನ ಮೇಲೆ, ಬಟ್ಟೆಯ ಕೆಳಗೆ. ಅವತ್ತಿಡೀ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರಲಿಲ್ಲವಂತೆ. ಕೊಟ್ಟರೆ ಇಷ್ಟು ವರ್ಷದ ಆಸೆ ಕೈಬಿಟ್ಟಂತೆ. ಕೊಡದಿದ್ದರೆ ಸೋಮವಾರ ಅಷ್ಟು ಜನ ಪೇಟಿಯಿಲ್ಲದೆ ಹಾಡಬೇಕು. “ನಂದು ಪೂರಾ ಆಗ್ತಿತ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಯಾವಾಗ? ಅವರಿಗೆ ಪದ ಬರ್ತಾವ, ಪೇಟಿಯಿಲ್ಲ. ನನಗ ಪದಾನೂ ಬರಂಗಿಲ್ಲ. ದನಿ ಬಟ್ಟಿ ಹೊತಗೊಂಡು ಕೂತು ಏನ್ ಮಾಡೀತು?”

ಮರುದಿನ ಕೂಡಿಸಿದ ಮನೆಗಳನ್ನೆಲ್ಲ ಅವರೇ ಬಿಚ್ಚಿದರು. ದನಿಯ ಹಲಗೆಯನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಸ್ಪೀಕರ್ ಜೋಡಿಸಿ, ದುಂಡು ಪಿನ್ನಿನ ಒಂದು ಮಿಡಿ ತಂತಿಯಿಂದ ಮಾಣಿಕಪ್ಪನವರ ಮೂಕ ಪೇಟಿಗೆ ಬೆಸೆದರು. ಮಾಣಿಕಪ್ಪ ಒಂದು ಮನೆ ಒತ್ತಿದರು. ಗಲ್ಲಿಗೆ ಕೇಳುವಂತೆ ಸ್ವರ ಹೊರಟಿತು. ಕೂಲಿ ಎಷ್ಟೆಂದು ಕೇಳಿದರೆ ಶಿವಗಂಗಾ, “ಸೋಮವಾರ ಒಂದು ಪದಕ್ಕ ನಾ ಪೇಟಿ ಹಿಡೀತೀನ್ರಿ” ಎಂದರು.

ಆ ಸೋಮವಾರ ಸಂಜೆ ಶೆಡ್ಡಿನ ಮುಂದೆ ಜಮಖಾನೆ ಹಾಸಿದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಿಂದೆ ಕೂತ ಹೆಂಗಸರಲ್ಲಿ ಗುಸುಗುಸು. ಸಂಗಣ್ಣ ಒಂದು ಮೂಲೆಯಲ್ಲಿ ಟವೆಲು ಹಿಂಡುತ್ತಾ ಕೂತಿದ್ದಾನೆ. ಮಾಣಿಕಪ್ಪ ಯಾರ ಮುಖವನ್ನೂ ನೋಡದೆ ಪೇಟಿಯ ಮುಂದಿನಿಂದ ಸರಿದು, ಜಾಗ ತಟ್ಟಿ ಕರೆಯುತ್ತಾರೆ. ಶಿವಗಂಗಾಗೆ ರಾಗ ಗೊತ್ತಿಲ್ಲ. ಮಾಣಿಕಪ್ಪ ಷಡ್ಜದ ಮನೆ ತೋರಿಸುತ್ತಾರೆ. ಶಿವಗಂಗಾ ಅದರ ಮೇಲೆ ಒಂದು ಬೆರಳಿಟ್ಟು ಒತ್ತಿ ಹಿಡಿಯುತ್ತಾರೆ, ಅಷ್ಟೇ. ಆ ಒಂದು ಸ್ವರದ ಮೇಲೆ ತಾಳ ಬೀಳುತ್ತದೆ, ಗಂಡಸರ ದನಿ ಏರುತ್ತದೆ, ಹಿಂದಿನಿಂದ ಹೆಂಗಸರು ಕೂಡಿಕೊಳ್ಳುತ್ತಾರೆ. ಪಲ್ಲವಿ ತಿರುಗಿ ತಿರುಗಿ ಬರುತ್ತದೆ. ಶಿವಗಂಗಾ ಕಣ್ಣು ಮುಚ್ಚಿದ್ದಾರೆ, ಬೆರಳು ಅಲುಗುವುದಿಲ್ಲ.

ಪದ ಮುಗಿಯುತ್ತದೆ. ತಾಳ ನಿಲ್ಲುತ್ತದೆ. ಸ್ವರ ಮಾತ್ರ ಹಾಗೇ ಹರಿಯುತ್ತಿದೆ.

“ತಂಗೀ, ಮುಗೀತು. ಕೈ ತಗೀಯವ್ವಾ,” ಎನ್ನುತ್ತಾರೆ ಮಾಣಿಕಪ್ಪ.

“ಇರ್ಲಿ ಬಿಡ್ರಿ ಅಣ್ಣಾ,” ಎನ್ನುತ್ತಾರೆ ಶಿವಗಂಗಾ, ಕಣ್ಣು ತೆರೆಯದೆ. “ಇನ್ನೊಂದು ಹಾಡ್ರಿ.”