ಸೀಟಿನ ಮೇಲಿದ್ದ ಗಂಟು

ಕೋವಿಡ್ ಕಳೆದು ಯಾತ್ರೆಗಳು ಮತ್ತೆ ಶುರುವಾದ ವರ್ಷ. ನಾನಾಗ ಮಳವಳ್ಳಿಯ ಒಂದು ಟೂರಿಸ್ಟ್ ಬಸ್ಸಿನ ಡ್ರೈವರ್. ಕಾಶಿಗೆ ಅದು ನನ್ನ ಇಪ್ಪತ್ಮೂರನೇ ಟ್ರಿಪ್. ಮಳವಳ್ಳಿ, ಮದ್ದೂರು, ಮಂಡ್ಯದಲ್ಲಿ ಹತ್ತಿದ ಮೂವತ್ತೆಂಟು ಜನ, ಒಬ್ಬರು ಅಡುಗೆಯವರು, ಎರಡು ಮೂಟೆ ರಾಗಿಹಿಟ್ಟು. ನಮ್ಮ ಕಡೆಯವರು ಗಂಗೆಯಲ್ಲಿ ಮುಳುಗದೆ ಬೇಕಾದರೂ ಬಂದಾರು, ಮುದ್ದೆ ಇಲ್ಲದೆ ಎರಡು ದಿನ ಇರಲಾರರು.

ಮೊದಲೆಲ್ಲ ನಾಗ್ಪುರ ಮುಟ್ಟುವುದಕ್ಕೇ ನಾಲ್ಕು ದಿನ ಹಿಡಿಯುತ್ತಿತ್ತು. ಊರಿಗೆ ಸುದ್ದಿ ಹೇಳಲು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲಬೇಕು. ಆಗ ಪ್ರತಿ ಸಲ ಹೊರಡುವ ಮುಂಚೆ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದೆ. ಇದ್ದೇನೆ ಅನ್ನಲು ಅವರವರೇ "ಇವ್ನಿ" ಅನ್ನಬೇಕು. ಮೊಬೈಲು, ಜಿಪಿಎಸ್ ಬಂದ ಮೇಲೆ ಆ ಕೂಗಾಟ ನನಗೇ ನಾಚಿಕೆ ಅನ್ನಿಸಿ ಬಿಟ್ಟುಬಿಟ್ಟೆ. ಹಳೆಯದರಲ್ಲಿ ಉಳಿದದ್ದು ಒಂದೇ ಮಾತು: ಬಸ್ಸು ತಪ್ಪಿದರೆ ಅಲೆಯಬೇಡಿ, ಇಳಿದ ಜಾಗದಲ್ಲೇ ಕೂತಿರಿ. ಆ ಸಲ ಅದಕ್ಕೂ ಎಲ್ಲರೂ ನಕ್ಕರು.

ಮೂರನೇ ದಿನ ಮಧ್ಯಾಹ್ನ ನಾಗ್ಪುರ ದಾಟಿ ಒಂದು ಪೆಟ್ರೋಲ್ ಬಂಕಿನ ಬಳಿ ಊಟ ಮುಗಿಸಿದೆವು. ಬಸ್ಸಿನೊಳಗೆ ಟವಲ್ ಎಸೆದರೆ ಸೀಟು ಹಿಡಿದಂತೆ ಅನ್ನುವುದು ನಮ್ಮ ಕಡೆ ಯಾರೂ ಪ್ರಶ್ನಿಸದ ಕಾನೂನು. ದುದ್ದದ ನಿಂಗಮ್ಮನ ಸೀಟಿನ ಮೇಲೆ ಶಾಲು ಹೊದಿಸಿದ ಗಂಟಿತ್ತು. ಪಕ್ಕದಾಕೆ ಮಲಗಲು ಹಿಂದಿನ ಸೀಟಿಗೆ ಹೋಗಿದ್ದರು. ಎಲ್ಲರೂ ಬಂದರಾ ಎಂದೆ. "ಬಂದವ್ರೆ, ಗಂಟು ಅದೆಯಲ್ಲ, ನಡೀರಿ" ಅಂದರು ಯಾರೋ. ಹೊರಟೆ.

ಒಂದು ಗಂಟೆ ಕಳೆದಿರಬೇಕು, ಭಾರತೀನಗರದಿಂದ ನಿಂಗಮ್ಮನ ಮಗಳ ಫೋನು. ಅವ್ವ ಎತ್ತುತ್ತಿಲ್ಲ, ಆದರೆ ಬಸ್ಸಿನಲ್ಲೇ ಇದ್ದಾರೆಂದು ಲೊಕೇಶನ್ ತೋರಿಸುತ್ತಿದೆ ಎಂದರು. ಪಕ್ಕಕ್ಕೆ ನಿಲ್ಲಿಸಿ ಹೋಗಿ ನೋಡಿದೆ. ಫೋನು ಗಂಟಿನೊಳಗಿತ್ತು, ನಿಂಗಮ್ಮ ಇರಲಿಲ್ಲ.

ತೀರಿಹೋದ ಗಂಡನ ಹೆಸರಲ್ಲಿ ಗಂಗೆ ನೋಡಲು ಹೊರಟ ಎಪ್ಪತ್ತರ ಹೆಂಗಸು; ಕೈಯಲ್ಲಿ ಫೋನಿಲ್ಲ, ಬಾಯಲ್ಲಿ ಹಿಂದಿಯಿಲ್ಲ. "ನಾನೇ ಕರ್ಕೊಂಡ್ ಬತ್ತೀನಿ ಕಣವ್ವ" ಎಂದು ಮಗಳಿಗೆ ಹೇಳಿದೆ. ಹಳೇ ರಸ್ತೆಯಾಗಿದ್ದರೆ ಅಲ್ಲೇ ತಿರುಗಿಸುತ್ತಿದ್ದೆ. ಈ ನಾಲ್ಕು ಲೇನಿನ ಹೆದ್ದಾರಿಯಲ್ಲಿ ತಿರುವು ಸಿಕ್ಕಿದ್ದು ಹನ್ನೊಂದು ಕಿಲೋಮೀಟರ್ ಮುಂದೆ. ಅವರಿಂದ ದೂರ ದೂರ ಓಡಿಸಿದ ಆ ಹನ್ನೊಂದು ಕಿಲೋಮೀಟರಿನಷ್ಟು ಉದ್ದದ ದಾರಿಯನ್ನು ನಾನು ಕಂಡಿಲ್ಲ.

ನಿಂಗಮ್ಮ ನಾವು ಉಂಡ ಜಾಗದಲ್ಲೇ, ನಲ್ಲಿಯ ಪಕ್ಕ ಕೂತಿದ್ದರು. ಬಂಕಿನವರು ಟೀ ಕೊಟ್ಟಿದ್ದರಂತೆ. ಕಾರಿನಲ್ಲಿ ಪೊಲೀಸ್ ಠಾಣೆಗೆ ಬಿಡುತ್ತೇವೆಂದು ಸನ್ನೆ ಮಾಡಿದರೂ ಕೈ ಆಡಿಸಿ ಒಲ್ಲೆ ಎಂದರಂತೆ. ತಪ್ಪಾಯಿತು ಎಂದು ಕೈಮುಗಿದೆ.

"ನೀ ಏಳಿದ್ ಮಾತ್ ನಂಬ್ಕೊಂಡು ನಾ ಕುಂತಿದ್ದೆ ಕಣಪ್ಪ" ಅಂದರು. "ನೀ ನನ್ ಗಂಟ್ ನಂಬ್ಕೊಂಡು ಒಂಟೋದೆ."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವರೇ ಸೆರಗಿನಿಂದ ನನ್ನ ಮುಖ ಒರೆಸಿದರು.

ರಸ್ತೆ ಎಷ್ಟೇ ನುಣುಪಾಗಲಿ, ಫೋನು ಎಷ್ಟೇ ಚುರುಕಾಗಲಿ, ಮನುಷ್ಯ ಇದ್ದಾನೆಂಬುದನ್ನು ಅವನ ಬಾಯಿಂದಲೇ ಕೇಳಬೇಕೆಂದು ಮೂವತ್ತೊಂದು ವರ್ಷ ಓಡಿಸಿದವನು ಕಲಿತದ್ದು ಅಂದು. ಅಲ್ಲಿಂದಲೇ ಪಟ್ಟಿ ಮತ್ತೆ ಹೊರಬಂತು. ಕಾಶಿಯವರೆಗೂ, ವಾಪಸು ಮಂಡ್ಯದವರೆಗೂ, ಪ್ರತಿ ಸ್ಟಾಪಿನಲ್ಲಿ ನಿಂಗಮ್ಮ ಎಂದು ಕೂಗಿದಾಗ ಇಡೀ ಬಸ್ಸು ಕಿವಿಗೊಡುತ್ತಿತ್ತು.

"ಗಂಟಲ್ಲ ಕಣಪ್ಪ, ನಾನೇ ಇವ್ನಿ. ನಡಿ."