ರಿಕಾಲ್ ಬರಲೇ ಇಲ್ಲ

ನನ್ನ ಗಂಡ ಶಿವರಾಜ ಅವರಿಗೆ ಒಂದು ಸಲ ಅನುಮಾನ ಹತ್ತಿತೆಂದರೆ ಮುಗಿಯಿತು, ಮನೆಮಂದಿಗೆಲ್ಲ ತಲೆನೋವು. ಡೊಂಬಿವಲಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಗಿರಾಕಿಯ ಎದುರಿಗೇ ಸೀರೆಯನ್ನು ಬೆಳಕಿಗೆ ಹಿಡಿದು ತಾನೇ ತೂತು ಹುಡುಕುವ ಪುಣ್ಯಾತ್ಮ!

ಹೋದ ತಿಂಗಳು ಕನ್ನಡ ಸಂಘದ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. ನಮ್ಮ ಮಗಳು ವೈಶಾಲಿಯದೇ ಮಾದರಿಯ ಸ್ಕೂಟರು, ಮುಂದಿನ ಚಕ್ರ ಕಳಚಿ ಬಿದ್ದಿತ್ತು. ಅವಳು ದಿನಾ ರಬಾಳೆಯ ಆಫೀಸಿಗೆ ಹೋಗುವುದು ಅದರ ಮೇಲೆಯೇ. ಸಂಘದಲ್ಲಿ ಒಬ್ಬರು ನಿಜವೆಂದರು, ಇನ್ನೊಬ್ಬರು ಸುಳ್ಳೆಂದರು, ಮತ್ತೊಬ್ಬರು ಕೈಮುಗಿಯುವ ಚಿತ್ರ ಹಾಕಿದರು. ವೈಶಾಲಿಯ ಗಾಡಿ ತೋರಿಸಿದರೆ ಗ್ಯಾರೇಜಿನವನು ಚಕ್ರಕ್ಕೊಂದು ಒದೆ ಕೊಟ್ಟು, "ಏಕದಮ್ ಮಸ್ತ್" ಎಂದ.

ಇವರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಕಂಪನಿಗೇ ಫೋನ್ ಮಾಡಿ ಗಾಡಿಯ ಚಾಸಿ ನಂಬರು ಓದಿ ಹೇಳಿದರು. ಆ ಕಡೆಯ ಹುಡುಗಿ, "ಆಪ್ ಕಾ ರಿಕಾಲ್ ಪೆಂಡಿಂಗ್ ಹೈ, ಸರ್" ಎಂದು ಫೋನಿಟ್ಟಳು.

"ಏನಂತ್ರೀ?" ಎಂದೆ.

"ನೋಡಿ ಮತ್ತ ಕಾಲ್ ಮಾಡ್ತಾರಂತ. ರಿ-ಕಾಲ್."

ಅಲ್ಲಿಂದ ಫೋನು ಕೈಬಿಡಲಿಲ್ಲ. ಸ್ನಾನಕ್ಕೂ ಒಯ್ದರು. ರಿಂಗಾದರೆ ಗಿರಾಕಿಯನ್ನು ಬಿಟ್ಟು ಓಡುವುದು, ಸಾಲ ಬೇಕೇ ಎಂದು ಕೇಳುವವರ ಮೇಲೆ ರೇಗುವುದು. ಅತ್ತ ವೈಶಾಲಿ ಅದೇ ಗಾಡಿಯಲ್ಲಿ ಓಡಾಡುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ ಇವರು ಗೊಣಗಿದರು: "ಕಂಪನಿಯವರು ರಿಕಾಲ್ ಪೆಂಡಿಂಗ್ ಅಂದಿದ್ರು, ಇನ್ನೂ ಕಾಲ್ ಬಂದಿಲ್ಲ ನೋಡವಾ."

ಅವಳ ಕೈ ನಿಂತಿತು. "ಬಾಬಾ! ರಿಕಾಲ್ ಮ್ಹಣಜೆ ಫೋನ್ ನಾಹಿ! ಗಾಡಿ ಪರತ ಬೋಲಾವಲಿ ತ್ಯಾಂನಿ!"

ದೋಷವಿದೆಯೆಂದು ಕಂಪನಿಯವರು ಗಾಡಿಯನ್ನೇ ವಾಪಸು ಕರೆದಿದ್ದರು! ಇವರು ಅಲ್ಲೇ ಕುಸಿದು ಕೂತರು. "ಅನುಮಾನ ಇದ್ದೂ ಇದ್ದೂ ಅದರ ಮ್ಯಾಲ ಕಳಿಸೀನಲ್ಲವಾ, ಎಂಥಾ ಪಾಪಿ ನಾನು" ಎಂದು ಹಣೆ ಬಡಿದುಕೊಂಡರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆ ಮುಖ ನೋಡಿ ಒಂದು ಲೋಟ ನೀರು ತಂದುಕೊಟ್ಟೆ.

ಶೋರೂಮಿನವರು ಟೆಂಪೋದಲ್ಲಿ ಸ್ಕೂಟರು ಒಯ್ದರು. ಹೊಸ ಭಾಗ ಬರುವ ತನಕ ವೈಶಾಲಿಗೆ ಲೋಕಲ್ ರೈಲೇ ಗತಿ. ಮೊದಲ ದಿನ ಇವರೇ ಸ್ಟೇಷನ್ನಿಗೆ ಬಿಡಲು ಹೋದರು. ತಿರುಗಿ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಬಾಗಿಲದಾಗ ಒಂದ ಕಾಲಿಟ್ಟು ಜೋತಬಿದ್ದು ಹೋದಳು, ರತ್ನಾ. ಇದಕ್ಕ ಯಾರಿಗೆ ಫೋನ್ ಮಾಡಿ ಕೇಳ್ಲಿ?"

"ಸುಮ್ಮ ಕೂಡ್ರಿ, ಊರ ಮಂದಿಯೆಲ್ಲಾ ಹಂಗ ಹೋಗ್ತಾರ" ಎಂದು ಗದರಿದೆ. ಗದರಿದ್ದೇನೋ ಗದರಿದೆ. ಠಾಣೆಯಲ್ಲಿ ರೈಲಿನಿಂದ ಇಳಿದೆ ಎಂದು ಅವಳ ಮೆಸೇಜು ಬರುವವರೆಗೆ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ತಿಳಿಯಲಿಲ್ಲ.